ಮುಲುಂಡಿನ ಮನೋವಿಶ್ಲೇಷಣೆ ಕೇಂದ್ರ: ಕೇಳುವ ಕಿವಿಗೆ ಪೂರ್ತಿ ಅಂಕ, ಕನಸಿನ ಅರ್ಥಕ್ಕೆ ಇಲ್ಲ

ಅಮ್ಮ ತೀರಿಕೊಂಡ ಮೇಲೆ ನಿದ್ದೆ ಕೆಟ್ಟಿತು. ನಾನು ಮುಂಬೈಯಲ್ಲಿ ನರ್ಸ್, ರಾತ್ರಿ ಪಾಳಿ ಹೊಸತಲ್ಲ. ಆದರೆ ಇದು ಬೇರೆಯೇ. ಜೊತೆಗೆ ಕೆಲಸ ಮಾಡುವವರೊಬ್ಬರು ಹೇಳಿದರೆಂದು ಮುಲುಂಡ್ ಸ್ಟೇಷನ್ ಹತ್ತಿರದ ಈ ಕೇಂದ್ರಕ್ಕೆ ಹೋದೆ. ಮನೋವಿಶ್ಲೇಷಣೆ ಹುಟ್ಟುಹಾಕಿದ ವೈದ್ಯ ಫ್ರಾಯ್ಡ್ ಪದ್ಧತಿಯಲ್ಲೇ, ಅಂದರೆ ಮನಸ್ಸಿನಲ್ಲಿ ಅದುಮಿಟ್ಟದ್ದನ್ನು ಮಾತಿನಿಂದ ಹೊರತೆಗೆಯುವ ಚಿಕಿತ್ಸೆ ಎಂದು ಮೊದಲೇ ತಿಳಿಸುತ್ತಾರೆ. 50 ನಿಮಿಷಕ್ಕೆ 1,500 ರೂಪಾಯಿ.

ಅಲ್ಲಿನ ಮೇಡಂ ನಿಜವಾಗಿ ಕೇಳಿಸಿಕೊಳ್ಳುತ್ತಾರೆ. ಫೋನ್ ಮುಟ್ಟುವುದಿಲ್ಲ, ನಡುವೆ ಬಾಯಿ ಹಾಕುವುದಿಲ್ಲ, ಅತ್ತರೆ ಅವಸರದಲ್ಲಿ ಸಮಾಧಾನ ಮಾಡುವುದಿಲ್ಲ. ಊರಲ್ಲಿ ಬೊಜ್ಜದ (ಉತ್ತರಕ್ರಿಯೆಯ) ದಿನವೂ ಬಾಯಿಗೆ ಬಾರದ ಮಾತು ಅಲ್ಲಿ ಬಂತು. ಮಾತಾಡಿ ಮನಸ್ಸಿನ ಭಾರ ಇಳಿಸಬಹುದೆಂಬ ಆ ಹಳೆಯ ಕಾಣ್ಕೆಯನ್ನು ನಾನು ಇಂದಿಗೂ ನಂಬುತ್ತೇನೆ.

ತೊಂದರೆ ಶುರುವಾದದ್ದು ಕನಸಿನಿಂದ. ಮತ್ಸ್ಯಗಂಧ ರೈಲು ಸುರಂಗದೊಳಗೆ ಹೋಗುತ್ತದೆ, ಹೊರಗೆ ಬರುವುದೇ ಇಲ್ಲ. ಮೇಡಂ ಇದನ್ನು ಅದುಮಿಟ್ಟ ಕಾಮನೆ ಎಂದರು. ಆ ರೈಲು ಓಡುವ ಕೊಂಕಣ ರೈಲ್ವೆಯಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ; ರತ್ನಾಗಿರಿ ಬಳಿಯ ಕರಬುಡೆ ಒಂದೇ ಆರೂವರೆ ಕಿಲೋಮೀಟರ್. ಅಮ್ಮನಿಗೆ ಸೀರಿಯಸ್ ಎಂದು ಹೊರಟ ರಾತ್ರಿ ಅದೇ ದಾರಿಯಲ್ಲಿದ್ದೆ. ಸುರಂಗ ಬಂದಾಗಲೆಲ್ಲ ಅಣ್ಣನ ಫೋನ್ ಕಡಿದುಹೋಗುತ್ತಿತ್ತು. ಸುರಂಗ ಎಂದರೆ ನಿಮಗೇನು ನೆನಪಾಗುತ್ತದೆ ಎಂದು ಅವರು ಕೇಳಲೇ ಇಲ್ಲ. ಸ್ವತಃ ಫ್ರಾಯ್ಡ್, 1900ರ ಇಸವಿ ಹೊತ್ತ ತಮ್ಮ ಕನಸಿನ ಪುಸ್ತಕದಲ್ಲಿ, ಕನಸು ಕಂಡವರ ನೆನಪನ್ನೇ ಮೊದಲು ಕೆದಕುತ್ತಾರೆ. ಸಂಕೇತಗಳ ಭಾಗ ಬೆಳೆದದ್ದು ಮುಂದಿನ ಆವೃತ್ತಿಗಳಲ್ಲಿ.

ಹಾಗಲ್ಲ ಮೇಡಂ ಎಂದೆ. ಅದು ಮನಸ್ಸಿನ ಪ್ರತಿರೋಧ ಎಂದರು. ನನಗೆ ಸಿಟ್ಟು ಬಂದದ್ದು ಇಲ್ಲೇ. ಹೌದೆಂದರೂ ಅಲ್ಲವೆಂದರೂ ಸಿದ್ಧಾಂತವೇ ಗೆದ್ದರೆ ಅದನ್ನು ಪರೀಕ್ಷಿಸುವುದು ಹೇಗೆ? ವಿಜ್ಞಾನದ ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ಎತ್ತಿದ ಆಕ್ಷೇಪವೂ ಇದೇ. ಜ್ವರ ಇಳಿದರೂ ಏರಿದರೂ ಔಷಧ ಕೆಲಸ ಮಾಡಿದೆ ಎಂದು ನಮ್ಮ ವಾರ್ಡಿನಲ್ಲಿ ಯಾರಾದರೂ ಬರೆದರೆ ಒಪ್ಪುತ್ತೇವೆಯೇ? ಈ ಪದ್ಧತಿಯ ಮೊದಲ ರೋಗಿ ಎನ್ನಿಸಿಕೊಂಡ ‘ಅನ್ನಾ ಓ’ ಗುಣವಾದಳೆಂದು ಆಕೆಯ ವೈದ್ಯ ಬ್ರಾಯರ್ ಮತ್ತು ಫ್ರಾಯ್ಡ್ ಬರೆದ 1895ರ ಪುಸ್ತಕ ಹೇಳುತ್ತದೆ. ಆದರೆ ಬ್ರಾಯರ್ ಚಿಕಿತ್ಸೆ ಮುಗಿದ 1882ರಲ್ಲೇ ಆಕೆಯನ್ನು ಸ್ವಿಟ್ಜರ್ಲೆಂಡಿನ ಸ್ಯಾನಟೋರಿಯಂಗೆ ಸೇರಿಸಬೇಕಾಯಿತು.

ನಿದ್ದೆಗಾಗಿ ಈಗ ಸಿಬಿಟಿ (ಯೋಚನೆ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ) ಮಾಡುವವರ ಬಳಿ ಹೋಗುತ್ತಿದ್ದೇನೆ. ಸಿಬಿಟಿಗೆ ಅಡಿಪಾಯ ಹಾಕಿದ ಆರನ್ ಬೆಕ್ ಕಲಿತದ್ದೂ ಮನೋವಿಶ್ಲೇಷಣೆಯನ್ನೇ. ಖಿನ್ನತೆಯಿದ್ದವರ ಕನಸುಗಳನ್ನು ಪರಿಶೀಲಿಸಿದಾಗ ಸಿದ್ಧಾಂತ ಹೇಳಿದ್ದು ಅಲ್ಲಿ ಕಾಣಲಿಲ್ಲ. ಅವರು ದಾರಿ ಬದಲಿಸಿದರು.

ದುಃಖ ಹೇಳಿಕೊಳ್ಳಲು ಜಾಗ ಬೇಕಿದ್ದವರು ಈ ಕೇಂದ್ರಕ್ಕೆ ಖಂಡಿತ ಹೋಗಬಹುದು. ಕನಸಿಗೆ ಅರ್ಥ ಹಚ್ಚಲು ಹೊರಟರೆ, ಮೊದಲು ನನ್ನ ನೆನಪು ಕೇಳಿ ಎಂದು ಧೈರ್ಯವಾಗಿ ಹೇಳಿ. ಹಿಂದಿ, ಮರಾಠಿ ನಡೆಯುತ್ತದೆ, ಕನ್ನಡ ಬರುವುದಿಲ್ಲ. ಭಾನುವಾರ ರಜೆ.