ಹಂದಿ, ಇಲಿ, ಕಪ್ಪೆ, ಬೆಕ್ಕು: ಯಾರ ಪತ್ತೇದಾರಿಕೆ ಮೇಲು?

ಉಡುಪಿಯಲ್ಲಿ ಜುಲೈ ಎಂದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರೇ ಎಂದು ಬೆಳಿಗ್ಗೆ ಎದ್ದೊಡನೆ ಮೊಬೈಲ್ ನೋಡುವ ತಿಂಗಳು. ರಜೆ ಸಿಕ್ಕರೆ ಮಕ್ಕಳಿಗೆ ಹಬ್ಬ, ಮನೆಯವರಿಗೆ ಪರೀಕ್ಷೆ. ಈ ಮಳೆಗಾಲ ಮೂರನೆಯ ತರಗತಿಯ ಮಗಳನ್ನೂ ಆರನೆಯ ತರಗತಿಯ ಅಕ್ಕನ ಮಗನನ್ನೂ ಕೂರಿಸಿಕೊಂಡು ಪ್ರಾಣಿ ಪತ್ತೇದಾರರ ಪುಸ್ತಕಗಳನ್ನು ಓದಿ ಹೇಳಿದೆ. ಇಂಗ್ಲಿಷ್ ಪುಟ ನೋಡುತ್ತಾ ಕನ್ನಡದಲ್ಲಿ ಹೇಳುತ್ತಾ ಹೋಗುವುದು ನನ್ನ ಕ್ರಮ. ನಾನು ಗಮನಿಸಿದ್ದು ಮುಖ್ಯವಾಗಿ ಒಂದನ್ನೇ: ಪತ್ತೇದಾರ ಪ್ರಾಣಿಯಾಗಿರುವುದರಿಂದ ಕಥೆಗೆ ಏನಾದರೂ ದಕ್ಕಿತೇ, ಅಥವಾ ಮನುಷ್ಯನಿಗೇ ಬಾಲ ಕಟ್ಟಿ ಕಳಿಸಿದ್ದಾರೆಯೇ?

ಇಲ್ಲಿ ಮೊದಲು ಸೋತದ್ದು ಈವ್ ಟೈಟಸ್ ಅವರ ‘ಬೇಸಿಲ್ ಆಫ್ ಬೇಕರ್ ಸ್ಟ್ರೀಟ್’ (1958). ಷರ್ಲಾಕ್ ಹೋಮ್ಸ್ ಮನೆಯ ನೆಲಮಾಳಿಗೆಯಲ್ಲಿ ಇಲಿಗಳದೊಂದು ಊರು, ಹೋಮ್ಸ್‌ನ ಮಾತು ಕದ್ದು ಕೇಳಿಯೇ ವಿದ್ಯೆ ಕಲಿತ ಇಲಿ ಬೇಸಿಲ್, ಅವನ ಸಾಹಸ ಬರೆದಿಡಲು ಡಾಕ್ಟರ್ ಡಾಸನ್. 1986ರ ಡಿಸ್ನಿ ಸಿನಿಮಾಕ್ಕೆ ಮೂಲ ಇದೇ ಇಲಿ. ಊರಿನ ವರ್ಣನೆ ಮುದ್ದಾಗಿದೆ. ಆಮೇಲೆ ಬೇಸಿಲ್ ಗಿಡ್ಡ ಹೋಮ್ಸ್ ಅಷ್ಟೇ. ಹೋಮ್ಸ್ ಯಾರೆಂದು ಬಲ್ಲ ಅಕ್ಕನ ಮಗ ನಕ್ಕಲ್ಲೆಲ್ಲ ಮಗಳು ನಮ್ಮಿಬ್ಬರ ಮುಖ ನೋಡುತ್ತಿದ್ದಳು.

ಶಾಲೆಯ ಗ್ರಂಥಾಲಯದಿಂದ ಮಗಳೇ ತಂದ ಜೆರೊನಿಮೊ ಸ್ಟಿಲ್ಟನ್ ಕೂಡ ಇಲಿಯೇ, ಪತ್ರಿಕಾ ಸಂಪಾದಕ ಬೇರೆ. ಬಣ್ಣಬಣ್ಣದ, ಕುಣಿಯುವ ಅಕ್ಷರಗಳಲ್ಲೇ ಅದರ ಅರ್ಧ ಮೋಜು ಇರುವುದರಿಂದ ಗಟ್ಟಿಯಾಗಿ ಓದಿದರೆ ಸಪ್ಪೆ. ಅದನ್ನು ಮಕ್ಕಳು ಒಬ್ಬೊಬ್ಬರೇ ಓದಿಕೊಳ್ಳಲಿ ಎಂದು ಬಿಟ್ಟೆ.

ವಾಲ್ಟರ್ ಆರ್. ಬ್ರೂಕ್ಸ್ ಅವರ ‘ಫ್ರೆಡ್ಡಿ ದಿ ಡಿಟೆಕ್ಟಿವ್’ (1932) ಹಳೆಯದಾದರೂ ಗಟ್ಟಿ. ನ್ಯೂಯಾರ್ಕ್ ರಾಜ್ಯದ ಹೊಲಮನೆಯೊಂದರ ಹಂದಿ ಫ್ರೆಡ್ಡಿ, ಹೋಮ್ಸ್ ಕಥೆ ಓದಿ ತಾನೂ ಪತ್ತೇದಾರನಾಗುತ್ತಾನೆ. ಅಲ್ಲಿನ ಇಲಿಗಳು ಆಟಿಕೆ ರೈಲು ಕದಿಯುವುದು ಆಡಲು ಅಲ್ಲ; ಅದರೊಳಗೆ ಕೂತು ಧಾನ್ಯದ ಪೆಟ್ಟಿಗೆಯ ತನಕ ಹೋದರೆ ಬೆಕ್ಕಿನ ಪಂಜ ತಗಲುವುದಿಲ್ಲವಲ್ಲ! ಇಲಿಗೆ ಮಾತ್ರ ಹೊಳೆಯಬಹುದಾದ ಕಳ್ಳತನ. ಇನ್ನು ಪ್ರಾಣಿಗಳೇ ಕಟ್ಟಿದ ಜೈಲು. ಒಳಗೆ ಊಟ, ಆಟ, ಗೆಳೆಯರು ಎಲ್ಲವೂ ಇರುವುದರಿಂದ ಹೊರಗಿದ್ದವರು ಬೇಕೆಂದೇ ತಪ್ಪು ಮಾಡಿ ಒಳಗೆ ಸೇರುತ್ತಾರೆ. “ಹಾಗಾದರೆ ಅದು ಜೈಲಲ್ಲ ಚಿಕ್ಕಮ್ಮ, ಅಜ್ಜಿಮನೆ” ಎಂದ ಅಕ್ಕನ ಮಗ. ತೊಂದರೆ ಇಷ್ಟೇ: ಕಥೆ ದಾರಿ ಬಿಟ್ಟು ಅಲೆಯುತ್ತದೆ. ನಡುವೆ ನಾಲ್ಕು ದಿನ ಬಿಟ್ಟರೆ ಯಾರ ಮೇಲೆ ಯಾವ ಆರೋಪ ಇತ್ತೆಂದು ಪುನಃ ಹೇಳಬೇಕು. ಹತ್ತು ವರ್ಷ ದಾಟಿದವರಿಗೆ ಒಳ್ಳೆಯದು.

ಸಣ್ಣವರಿಗೆ ಸ್ವೀಡನ್ನಿನ ಉಲ್ಫ್ ನಿಲ್ಸನ್ ಬರೆದ, ಗಿಟ್ಟೆ ಸ್ಪೀ ಚಿತ್ರ ಬಿಡಿಸಿದ ಡಿಟೆಕ್ಟಿವ್ ಗಾರ್ಡನ್. ಗಾರ್ಡನ್ ಒಂದು ನೆಲಗಪ್ಪೆ, ಕೇಕ್ ಎಂದರೆ ಪ್ರಾಣ. ಅಳಿಲಿನ ಕಾಯಿ ಕದ್ದವರನ್ನು ಹಿಡಿಯಲು ರಾತ್ರಿ ಹಿಮದಲ್ಲಿ ಕಾದು ಕೂತು ಅಲ್ಲೇ ಮರಗಟ್ಟಿ ಹೋಗುತ್ತಾನೆ. ಬಿಡಿಸಲು ಪುಟ್ಟ ಇಲಿಯೊಂದು ಬೇಕಾಗುತ್ತದೆ. ಕಪ್ಪೆಯಾದದ್ದಕ್ಕೇ ಬಂದ ಕಷ್ಟ! ಮಳೆ ಬಂದರೆ ಬಚ್ಚಲಿಗೇ ನುಗ್ಗುವ ಕಪ್ಪೆಗಳನ್ನು ಕಂಡ ನಮ್ಮ ಮಕ್ಕಳಿಗೆ ಹಿಮ ಅರ್ಥವಾಗದಿದ್ದರೂ ಕಪ್ಪೆ ಪೂರ್ತಿ ಅರ್ಥವಾಯಿತು. ಮುಗಿದ ಕೆಲಸದ ಕಾಗದಕ್ಕೆಲ್ಲ ಸೀಲು ಒತ್ತುವ ಅವನ ಸಂಭ್ರಮ ನೋಡಿ ಮಗಳು ನನ್ನ ವಿದ್ಯುತ್ ಬಿಲ್ಲಿಗೂ ಸೀಲು ಒತ್ತಿದಳು. ಗುಟ್ಟು ಮಾತ್ರ ತೆಳು. ಅಕ್ಕನ ಮಗ ಆಕಳಿಸಿದ.

ಇಬ್ಬರನ್ನೂ ಒಟ್ಟಿಗೆ ಹಿಡಿದು ಕೂರಿಸಿದ್ದು ಡೆಬೊರಾ ಮತ್ತು ಜೇಮ್ಸ್ ಹೋವ್ ಅವರ ‘ಬನ್ನಿಕ್ಯುಲಾ’ (1979). ಡ್ರಾಕುಲಾ ಸಿನಿಮಾ ನಡೆಯುತ್ತಿದ್ದ ಚಿತ್ರಮಂದಿರದಲ್ಲಿ ಸಿಕ್ಕಿದ ಮೊಲವೊಂದನ್ನು ಮನ್ರೋ ಕುಟುಂಬ ಮನೆಗೆ ತರುತ್ತದೆ. ಮರುದಿನಗಳಲ್ಲಿ ಅಡುಗೆಮನೆಯ ತರಕಾರಿಗಳು ಒಂದೊಂದಾಗಿ ರಸವೆಲ್ಲ ಹೋಗಿ ಬೆಳ್ಳಗಾಗುತ್ತವೆ, ಮೈಮೇಲೆ ಪುಟ್ಟ ತೂತು. ಓದುವ ಚಟದ ಬೆಕ್ಕು ಚೆಸ್ಟರ್‌ಗೆ ಇದು ರಕ್ತಪಿಶಾಚಿ ಮೊಲ ಎಂಬ ಅನುಮಾನ. ಕಥೆ ಹೇಳುವವನು ಸೋಮಾರಿ ನಾಯಿ ಹೆರಾಲ್ಡ್. ಇಲ್ಲಿನ ಜಾಣತನ ಎಂದರೆ, ಈ ಪತ್ತೇದಾರರಿಗೆ ಮನುಷ್ಯರ ಹತ್ತಿರ ಮಾತಾಡಲು ಬರುವುದಿಲ್ಲ. ಗುಟ್ಟು ಗೊತ್ತಿದ್ದೂ ಹೇಳಲಾಗದ ಚೆಸ್ಟರ್ ಟವೆಲನ್ನು ಬೆನ್ನಿಗೆ ಹೊದ್ದು, ಪಿಶಾಚಿಯ ನಟನೆ ಮಾಡಿ, ಹೆರಾಲ್ಡ್‌ನ ಕುತ್ತಿಗೆ ಕಚ್ಚಿ ತೋರಿಸುತ್ತಾನೆ. ಮನೆಯವರಿಗೆ ಬೆಕ್ಕಿಗೆ ಹುಚ್ಚು ಹಿಡಿದಂತೆ ಕಾಣುತ್ತದೆ. ಬೇಸಿಲ್ ಆಗಿದ್ದರೆ ಪೊಲೀಸರಿಗೆ ಒಂದು ಚೀಟಿ ಬರೆದು ಕೈ ತೊಳೆದುಕೊಳ್ಳುತ್ತಿದ್ದ.

ನಮ್ಮ ಪಂಚತಂತ್ರದ ಕರಟಕ ದಮನಕರಿಗೂ ಇಂಥ ಮೂಗು ಇದೆ. ಆದರೆ ದಮನಕನ ಬುದ್ಧಿ ಗುಟ್ಟು ಬಿಡಿಸುವುದಕ್ಕಲ್ಲ, ಗಂಟು ಹಾಕುವುದಕ್ಕೆ ಓಡುತ್ತದೆ.

ಆ ದಿನ ಸಂಜೆ ಮಗಳು ತರಕಾರಿ ಬುಟ್ಟಿಯನ್ನು ನೆಲಕ್ಕೆ ಸುರಿದು, ತೊಂಡೆಕಾಯಿಯಿಂದ ಹಿಡಿದು ಒಂದೊಂದನ್ನೂ ತಿರುಗಿಸಿ ನೋಡಿದಳು. ಮಟ್ಟುಗುಳ್ಳದ ಮೇಲೆ ತೂತು ಸಿಕ್ಕಿಯೇ ಬಿಟ್ಟಿತು. ಅತ್ತೆ ಅದನ್ನು ಕತ್ತರಿಸಿ ಹುಳ ತೋರಿಸಿದರು. ಹುಳವನ್ನು ಒಳಗೆ ಕಳಿಸಿದ್ದು ಯಾರು ಎಂದು ಇವಳ ಮರುಪ್ರಶ್ನೆ.

ದೂರು ಒಂದಿದೆ. ಕೊನೆಗೂ ಮೊಲ ನಿಜವಾಗಿ ಏನು ಎಂಬುದು ಮನ್ರೋ ಕುಟುಂಬಕ್ಕೆ ತಿಳಿಯುವುದೇ ಇಲ್ಲ. ತರಕಾರಿಗೆ ರೋಗ ಬಂದಿದೆ ಎಂದುಕೊಂಡು ಸುಮ್ಮನಾಗುತ್ತಾರೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಪ್ಪಿತಸ್ಥನನ್ನು ತೋರಿಸಬೇಕು ಎನ್ನುವ ಅಕ್ಕನ ಮಗನಿಗೆ ಇದು ಮೋಸ. ಬೆಳ್ಳುಳ್ಳಿ ಕಟ್ಟಿ ಮೊಲವನ್ನು ಉಪವಾಸ ಕೆಡವಿದ ಚೆಸ್ಟರೇ ಅಪರಾಧಿ ಎಂದು ಮಗಳ ತೀರ್ಪು. ಇಬ್ಬರೂ ಎರಡನೆಯ ಸಲ ಓದಿಸಿಕೊಂಡದ್ದು ಇದೊಂದನ್ನೇ.