ಬ್ಯಾಡಗಿ ಮೆಣಸಿನಕಾಯಿ ಚೀಲ, ಒಂದು ಹೆಣ, 79 ರೂಪಾಯಿ

ಮೊದಲೇ ಹೇಳಿಬಿಡುತ್ತೇನೆ. ಇದು ಒಂದು ಇ-ಬುಕ್ ಬಗ್ಗೆ ವಿಮರ್ಶೆ, ಆದರೆ ಪುಸ್ತಕದ ಹೆಸರು, ಬರೆದವರ ಹೆಸರು ಎರಡನ್ನೂ ಹಾಕುವುದಿಲ್ಲ. ಹಾಕಬೇಡಿ ಅಂತ ಬರೆದವರೇ ಕೇಳಿಕೊಂಡಿದ್ದಾರೆ. ಯಾಕೆ ಅನ್ನೋದನ್ನ ಆಮೇಲೆ ಹೇಳುತ್ತೇನೆ. ಬ್ಯಾಡಗಿ, ಮೆಣಸಿನಕಾಯಿ, ಕೊಲೆ. ಇಷ್ಟು ಸುಳಿವು ಸಾಕು, ಪತ್ತೇದಾರಿ ಕಾದಂಬರಿ ಓದುವವರಿಗೆ ಅಷ್ಟು ಹುಡುಕೋಕೂ ಬರದಿದ್ದರೆ ಹೇಗೆ?

ಬೆಲೆ 79 ರೂಪಾಯಿ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕೊಂಡು ಫೋನಿನಲ್ಲೇ ಓದಿದೆ. ಮಗ ಕೊಡಿಸಿದ ಕಿಂಡಲ್ ಮನೆಯಲ್ಲಿದೆ, ಆದರೆ 2016ರಲ್ಲಿ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿ ಐದೂ ಒಟ್ಟಿಗೆ ಕಿಂಡಲ್‌ಗೆ ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ, ಹಾಗಾಗಿ ಸ್ವಂತವಾಗಿ ಇ-ಬುಕ್ ತರುವ ನಮ್ಮವರು ಬೇರೆ ಬಾಗಿಲು ಹುಡುಕಿಕೊಂಡರು, ಓದುವ ನಾವೂ ಅವರ ಹಿಂದೆ ಹೋದೆವು. ನಾನಿರುವುದು ಹುಬ್ಬಳ್ಳಿ ವಿದ್ಯಾನಗರದಲ್ಲಿ, ಕೆಲಸ ಧಾರವಾಡದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ, ಟೈಪಿಂಗ್. ದಿನಾ ಚಿಗರಿ ಬಸ್ಸು. ಸೀಟು ಸಿಕ್ಕರೆ ಕೂತು ಓದು, ಸಿಗದಿದ್ದರೆ ಕಂಬಕ್ಕೆ ಒರಗಿ ಓದು. ಉಣಕಲ್ಲು ದಾಟುವಷ್ಟರಲ್ಲಿ ಒಂದು ಅಧ್ಯಾಯ, ಸತ್ತೂರು ಬರೋದ್ರೊಳಗೆ ಇನ್ನೊಂದು. ಮೂರು ದಿನಕ್ಕೆ ಮುಗಿಯಿತು. ಮೂರನೇ ದಿನ ಜುಬಿಲಿ ಸರ್ಕಲ್‌ನಲ್ಲಿ ಇಳಿಯೋದು ಮರೆತು ಕೊನೇ ಸ್ಟಾಪಿನ ತನಕ ಹೋಗಿದ್ದೆ.

ಕಥೆ ಹೀಗಿದೆ. ಬ್ಯಾಡಗಿಯಲ್ಲಿ ಸೋಮವಾರ ಬೆಳಿಗ್ಗೆ, ಮಾರ್ಕೆಟ್ಟಿನ ದಿನ, ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಚೀಲಗಳ ಸಂದಿಯಲ್ಲಿ ಒಬ್ಬ ದಲಾಲಿ ಸತ್ತು ಬಿದ್ದಿದ್ದಾನೆ. ಎಲ್ಲರೂ ಹಾರ್ಟ್ ಅಟ್ಯಾಕ್ ಅಂತಾರೆ. ಕೊಲೆ ಅಂತ ಮೊದಲು ಅನುಮಾನ ಬರೋದು ಇನ್‌ಸ್ಪೆಕ್ಟರ್‌ಗೆ ಅಲ್ಲ, ಅಲ್ಲಿ ದಿನಗೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ದ್ಯಾಮವ್ವನಿಗೆ. ಅರವತ್ತು ದಾಟಿದ ಹೆಂಗಸು, ಓದೋಕೆ ಬರೋಲ್ಲ, ಆದರೆ ಕಾಯಿ ಓದೋಕೆ ಬರುತ್ತೆ. ಹೆಣದ ಪಕ್ಕದ ಚೀಲದ ಚೀಟಿಯಲ್ಲಿ ಕಡ್ಡಿ ಅಂತಿದೆ, ಒಳಗಿರೋದು ಡಬ್ಬಿ, ಎರಡೂ ಬ್ಯಾಡಗಿ ಕಾಯಿಯ ಬಗೆಗಳೇ. ಕಡ್ಡಿ ಉದ್ದ, ತೆಳು, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದುಂಡು, ಬೀಜ ಜಾಸ್ತಿ. ಇವೆರಡನ್ನೂ ನೋಡಿದ ಯಾರೂ ಒಂದನ್ನ ಇನ್ನೊಂದು ಅಂದುಕೊಳ್ಳೋಲ್ಲ. ಹಾಗಾದರೆ ಚೀಟಿ ಬದಲಿಸಿದ್ದು ಕಾಯಿಯ ಗಂಧವೇ ಇಲ್ಲದವರು. ಅಲ್ಲಿಂದ ಶುರು.

ನಮ್ಮ ಮಾವನವರು ಮೂವತ್ತು ವರ್ಷ ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವರು. ಅನುಮಾನಕ್ಕೆ ಅವರಿಗೆ ನಾಲ್ಕು ಅಧ್ಯಾಯ ಓದಿ ಹೇಳಿದೆ. ಟೆಂಡರಿನ ಹೊತ್ತಿನ ಗದ್ದಲ, ಲಾಟಿನ ಲೆಕ್ಕ, ಒಳಗೆ ಕಾಲಿಟ್ಟ ಹೊಸಬರು ಸೀನುತ್ತಾ ಹೊರಗೆ ಓಡಿ ಬರೋದು, ದಿನವಿಡೀ ಕೂತ ಹೆಣ್ಣುಮಕ್ಕಳ ಬೆರಳು ರಾತ್ರಿ ಉರಿಯೋದು, ಇದೆಲ್ಲ ಸರಿಯಾಗಿದೆಯಂತೆ. ಒಂದೇ ಕಡೆ ತಡೆದರು. "ಇಂವಾ ರೇಟ್ ತಪ್ಪ ಬರದಾನ, ಆ ವರ್ಷ ಅಷ್ಟ ಇರಲಿಲ್ಲ." ಆಮೇಲೆ ಸುಮ್ಮನಾಗಿ, "ಮುಂದ ಓದವಾ" ಅಂದರು. ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ.

ಇನ್ನು ತಪ್ಪುಗಳು, ಅವೂ ಇವೆ, ಧಾರಾಳವಾಗಿ ಇವೆ. ಮುಖಪುಟದಲ್ಲಿ ಕೋಟು, ಹ್ಯಾಟು ಹಾಕಿಕೊಂಡ ಬಿಳಿಯ ಮನುಷ್ಯ ಪಿಸ್ತೂಲು ಹಿಡಿದು ಹಿಮದಲ್ಲಿ ನಿಂತಿದ್ದಾನೆ. ಬ್ಯಾಡಗಿಯಲ್ಲಿ ಹಿಮ! ಏಳು, ಎಂಟು, ಒಂಬತ್ತನೇ ಅಧ್ಯಾಯ ಎಳೆದಾಟ. ಕೊಲೆಗಾರ ಸಿಕ್ಕ ಮೇಲೆ ಹನ್ನೊಂದು ಪುಟ ನಿಂತಲ್ಲೇ ಭಾಷಣ ಮಾಡುತ್ತಾನೆ, ಪೊಲೀಸರು ಕೈಕಟ್ಟಿಕೊಂಡು ಕೇಳುತ್ತಾರೆ. ಶೋಭಾ ಅನ್ನೋ ಹುಡುಗಿ ಬಂದಾಗಲೆಲ್ಲ ಅವಳ ಜಡೆ ಬರುತ್ತೆ, ಅವಳಿಗೆ ಜಡೆ ಬಿಟ್ಟು ಬೇರೇನೂ ಇಲ್ಲ. "ಟಕ್ಕನೆ" ಅನ್ನೋ ಮಾತನ್ನ ಎಣಿಸೋಕೆ ಹೋಗಿ ಎಪ್ಪತ್ತಕ್ಕೆ ಬಿಟ್ಟೆ. ಆಮೇಲೆ ಕೋರ್ಟು ಕಾಗದ ಟೈಪ್ ಮಾಡುವವಳಿಗೆ ಕಣ್ಣಿಗೆ ಚುಚ್ಚಿದ್ದು ಒಂದಿದೆ. ಕಥೆ ನಡೆಯೋದು 2025ರಲ್ಲಿ, ಆದರೆ ಇನ್‌ಸ್ಪೆಕ್ಟರ್ ಯುಡಿಆರ್ (ಅಸಹಜ ಸಾವಿನ ವರದಿ) ಬರೆಸುವಾಗ ಹಳೇ ಕಾನೂನಿನ ಸಿಆರ್‌ಪಿಸಿ 174 ಅನ್ನುತ್ತಾನೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಿಎನ್‌ಎಸ್‌ಎಸ್ ಅನ್ನೋ ಹೊಸ ಕಾನೂನು ಬಂದು ಆ ಕಲಂ 194 ಆಗಿದೆ. ನಮ್ಮ ಸಾಹೇಬರೂ ಎಷ್ಟೋ ತಿಂಗಳು ಹಳೇ ನಂಬರನ್ನೇ ಹೇಳುತ್ತಿದ್ದರು ಬಿಡಿ.

ಇದೆಲ್ಲಕ್ಕಿಂತ ಕಾಡಿದ್ದು ಅಕ್ಷರ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ತಿರುಗಿಸಿದ್ದಾರೆ ಅಂತ ಮೊದಲ ಪುಟದಲ್ಲೇ ಗೊತ್ತಾಯಿತು, ಯಾಕೆಂದರೆ ಹಾಗೆ ತಿರುಗಿಸಿದಾಗ ಎಷ್ಟೋ ಸಲ ಬಿಡಿಯಾಗಿ ನಿಲ್ಲಬೇಕಾದ ಅರ್ಧಾಕ್ಷರಗಳು ಮುಂದಿನ ಅಕ್ಷರವನ್ನ ಒತ್ತು ಮಾಡಿಕೊಂಡು ಕೆಳಗೆ ಎಳೆದುಕೊಳ್ಳುತ್ತವೆ, ಅದನ್ನ ಒಂದೊಂದಾಗಿ ಕೈಯಿಂದಲೇ ಬಿಡಿಸಬೇಕು, ಆ ಕೂಲಿ ಕೆಲಸ ನಾನು ವರ್ಷಗಟ್ಟಲೆ ಮಾಡಿದ್ದೇನೆ. ಇವರು ಮಾಡಿಲ್ಲ. ಹಾಗಾಗಿ ಇಡೀ ಪುಸ್ತಕದಲ್ಲಿ ಪಾಪ ಇನ್‌ಸ್ಪೆಕ್ಟರ್ ಹೋಗಿ "ಇನ್ಸ್ಪೆಕ್ಟರ್" ಆಗಿದ್ದಾನೆ, ಎಲ್ಲರೂ "ಫೋನ್ನಲ್ಲಿ" ಮಾತಾಡುತ್ತಾರೆ. ಫೋನಿನ ಸಣ್ಣ ಪರದೆಯಲ್ಲಿ ಆ ಒತ್ತಿನ ಗೊಂಚಲು ನೋಡಿ ನೋಡಿ ತಲೆನೋವು ಬಂತು. ಅಕ್ಷರದ ಸೈಜು ದೊಡ್ಡದು ಮಾಡಿಕೊಂಡು ಓದಿ, ಸ್ವಲ್ಪ ವಾಸಿ.

ಇಷ್ಟು ಬೈದ ಮೇಲೂ ಪುಸ್ತಕ ಚೆನ್ನಾಗಿದೆ ಅಂತಲೇ ನನ್ನ ಮಾತು. ಐದಕ್ಕೆ ಮೂರೂವರೆ. ಆ ಅರ್ಧ ದ್ಯಾಮವ್ವನಿಗೆ.

ಈಗ ಆಫೀಸಿನಲ್ಲಿ ನಡೆದದ್ದು. ಮಧ್ಯಾಹ್ನ ಬುತ್ತಿ ಬಿಚ್ಚಿ ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಫೋನು ಹಿಡಿದು ಕೂತಿದ್ದೆ. ಜಾಗದ ಕೇಸಿಗೆ ಬಂದಿದ್ದ ಒಬ್ಬ ನಿವೃತ್ತ ಪ್ರಾಧ್ಯಾಪಕರು ಬಗ್ಗಿ ಮುಖಪುಟ ನೋಡಿದರು.

"ಏನ್ ಓದ್ಲಿಕತ್ತೀಯವಾ?"

"ಪತ್ತೇದಾರಿ ರೀ ಸರ. ಇ-ಬುಕ್ಕು."

"ಇಂಥಾವನ್ನ ಓದಿದ್ರ ಇದ್ದ ಕನ್ನಡನೂ ಕೆಡ್ತದ ನೋಡು. ಪ್ರಕಾಶಕರಿಲ್ಲ, ಐಎಸ್‌ಬಿಎನ್ ಇಲ್ಲ, ಮನಸ್ಸಿಗೆ ಬಂದಾಂವಾ ಬರೆದು ಒಗೀತಾನ."

"ನೀವು ಓದೀರೇನ್ರಿ ಇಂಥಾವು?"

"ಓದೂದ್ಯಾಕ? ಮುಖಪುಟ ನೋಡಿದ್ರ ಗೊತ್ತಾಗ್ತದ."

ಮುಖಪುಟದ ವಿಷಯದಲ್ಲಿ ಅವರ ಮಾತು ಖರೆ, ಒಪ್ಪಿದೆ. ಆದರೆ ಐಎಸ್‌ಬಿಎನ್? ನಮ್ಮ ದೇಶದಲ್ಲಿ ಅದನ್ನ ಸರ್ಕಾರ ಪುಕ್ಕಟೆ ಕೊಡುತ್ತೆ, ಅರ್ಜಿ ಹಾಕಿದರೆ ಬರುತ್ತೆ. ಅದು ಪುಸ್ತಕಕ್ಕೆ ನಂಬರು, ಒಳ್ಳೇ ಪುಸ್ತಕ ಅನ್ನೋ ಸೀಲಲ್ಲ. ಇನ್ನು ಪ್ರಕಾಶಕರು. ಈ ಸರ್ ಅವರ ನಾಲ್ಕು ಕವನ ಸಂಕಲನ ಬಂದಿವೆ, ಅದರಲ್ಲಿ ಒಂದನ್ನ ಟೈಪ್ ಮಾಡಿದ್ದು ನಾನೇ. ನಾಲ್ಕಕ್ಕೂ ಒಂದೇ ಪ್ರಕಾಶನ, ಪ್ರಕಾಶಕರು ಅವರ ಮನೆಯವರು, ವಿಳಾಸ ಅವರ ಮನೆಯದೇ. ಪ್ರೆಸ್ಸಿನ ಬಿಲ್ಲು ಅವರ ಪಿಂಚಣಿಯಿಂದ. ಬಿಡುಗಡೆಗೆ ಶಾಲು, ಹಾರ, ಫೇಡೆ. ನೆಂಟರಿಗೆ ಹಂಚಿ ಉಳಿದ ಕಟ್ಟು ಮಂಚದ ಕೆಳಗೆ ಕೂತು ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುವ ಏಕಗವಾಕ್ಷಿ ಯೋಜನೆ ಯಾವಾಗ ತೆರೆಯುತ್ತೆ ಅಂತ ಕಾಯುತ್ತಿದೆ. ಇದರಲ್ಲಿ ತಪ್ಪಿದೆ ಅಂತ ನಾನು ಹೇಳುತ್ತಿಲ್ಲ, ಧಾರವಾಡದಲ್ಲಿ ಓಣಿಗೊಬ್ಬರು ಹೀಗೆ ಮಾಡಿದ್ದಾರೆ. ಕಾಗದದ ಮೇಲೆ ಸ್ವಂತ ದುಡ್ಡು ಹಾಕಿದರೆ ಸಾಹಿತ್ಯ ಸೇವೆ, ಫೋನಿಗೆ ಹಾಕಿದರೆ ಕಸ ಅನ್ನೋ ಲೆಕ್ಕ ಮಾತ್ರ ನನಗೆ ತಿಳಿಯಲಿಲ್ಲ.

ಸ್ವಂತ ಪುಸ್ತಕ ಸ್ವಂತ ಮಾರೋದೇನು ಹೊಸದೇ? ನಮ್ಮ ಹಾವೇರಿ ಕಡೆಯ ಗಳಗನಾಥರು (1869–1942) ಐತಿಹಾಸಿಕ ಕಾದಂಬರಿ ಬರೆದು, ಪುಸ್ತಕದ ಗಂಟು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಯುದ್ಧ, ಮೋಸ, ಸಾಹಸ, ಜನ ಬಿಡದೆ ಓದುವಂಥ ಕಥೆಗಳೇ ಅವು. ಈಗ ಅವರನ್ನ ಕಾದಂಬರಿ ಪಿತಾಮಹ ಅಂತೀವಿ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು, ಅವನ್ನ ಓದೋಕಂತಲೇ ಕನ್ನಡ ಓದು ಕಲಿತೆ ಅನ್ನುವ ಹಿರಿಯರು ನನಗೇ ಸಿಕ್ಕಿದ್ದಾರೆ. ನಮ್ಮವ್ವ ಗದಗಿನಲ್ಲಿ ಹುಡುಗಿಯಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ತಂದ ಕಾದಂಬರಿಯನ್ನ ಹಿಟ್ಟಿನ ಡಬ್ಬಿ ಹಿಂದೆ ಮುಚ್ಚಿಟ್ಟು ಓದುತ್ತಿದ್ದಳು. ಹೆಂಗಸರು ಬರೆದು ಹೆಂಗಸರು ಓದಿದ್ದಕ್ಕೆ ಆಗ "ಅಡುಗೆಮನೆ ಸಾಹಿತ್ಯ" ಅಂತ ಹೆಸರಿಟ್ಟಿದ್ದರು. ಅಡುಗೆ ಮಾತ್ರ ಮೂರು ಹೊತ್ತೂ ಬೇಕಿತ್ತು.

ಆದರೆ ಒಂದು ಮಾತು. ಇಂಥ ಇ-ಬುಕ್ಕುಗಳಲ್ಲಿ ಹತ್ತು ಕೊಂಡರೆ ಆರು ನನಗೂ ಸೇರೋಲ್ಲ. ಎರಡು ಪುಟಕ್ಕೇ ಬಿಟ್ಟದ್ದಿದೆ. ಹಾಗಂತ ಹೇಳಬೇಕಾದರೂ ಆ ಎರಡು ಪುಟ ಓದಬೇಕಲ್ವಾ? ಓದದೆ ಮೂಗು ಮುರಿಯುವವರಿಂದ ಬರೆದವರಿಗೆ ಒಂದು ಅಕ್ಷರದ ಉಪಯೋಗವಿಲ್ಲ. ಕನ್ನಡ ಚೆನ್ನಾಗಿ ಬಲ್ಲವರು ಹತ್ತಿರವೇ ಬರೋಲ್ಲ, ಬರುವವರು "ಸೂಪರ್ ಸರ್" ಅಂತ ಐದು ಸ್ಟಾರ್ ಒತ್ತಿ ಹೋಗುತ್ತಾರೆ. ಹನ್ನೊಂದು ಪುಟದ ಭಾಷಣ ಕಡಿಯಿರಿ, ಆ ಹುಡುಗಿಗೆ ಜಡೆಯ ಜೊತೆ ಒಂದು ತಲೆಯನ್ನೂ ಕೊಡಿ ಅಂತ ಹೇಳೋರು ಯಾರು?

ನಾನು ಹೇಳಿದೆ. ತಪ್ಪುಗಳನ್ನೆಲ್ಲ ಬರೆದು ಮೂರು ಸ್ಟಾರ್ ಕೊಟ್ಟೆ, ಅಲ್ಲಿ ಅರ್ಧ ಕೊಡೋಕೆ ಬರೋಲ್ಲ. ಪುಸ್ತಕದ ಕೊನೆಯಲ್ಲಿದ್ದ ಮೇಲ್‌ಗೂ ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು. ಬೈಗುಳ ಇರುತ್ತೆ ಅಂದುಕೊಂಡು ತೆರೆದರೆ ಉದ್ದನೆಯ ಕಾಗದ. "ಮೇಡಂ, ಇಷ್ಟು ಗಮನ ಕೊಟ್ಟು ಯಾರೂ ಓದಿರಲಿಲ್ಲ." ಅವರು ಈ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವರು. ಪುಸ್ತಕದ ಮೇಲಿರೋದು ಸ್ವಂತ ಹೆಸರಲ್ಲ. ಜೊತೆಯವರಿಗೆ ಗೊತ್ತಾದರೆ ಸ್ಟಾಫ್ ರೂಮಿನಲ್ಲಿ ಕೂರೋಕೆ ಬಿಡೋಲ್ಲ, ನಾಳೆ ಯಾವುದಾದರೂ ಗೋಷ್ಠಿಗೆ ಹೆಸರು ಬಂದರೆ ಯಾರೋ ನಗುತ್ತಾರೆ ಅಂತ ಭಯ. ಆ ಕಾಗದ ಓದಿ ನನಗೆ ನಮ್ಮವ್ವನ ಹಿಟ್ಟಿನ ಡಬ್ಬಿ ನೆನಪಾಯಿತು. ಅವಳು ಓದೋಕೆ ಮುಚ್ಚಿಟ್ಟಳು, ಇವರು ಬರೆದು ಮುಚ್ಚಿಡುತ್ತಿದ್ದಾರೆ.

ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ದ್ಯಾಮವ್ವನಂಥ ಹೆಂಗಸನ್ನ ಬರೆದವರು ಇಷ್ಟು ಹೆದರಬಾರದಿತ್ತು. ಆದರೆ ನೌಕರಿ ಅವರದು, ಸ್ಟಾಫ್ ರೂಮು ಅವರದು, ಹೊರಗೆ ಕೂತು ಧೈರ್ಯ ಹೇಳೋದು ಸುಲಭ.

ಕೊಳ್ಳುವವರಿಗೆ ಒಂದು ಸೂಚನೆ: ಮೊದಲ ಎರಡು ಅಧ್ಯಾಯ ಸ್ಯಾಂಪಲ್ ಸಿಗುತ್ತೆ, ಓದಿ ನೋಡಿ ಕೊಳ್ಳಿ. ತಿದ್ದಿದ ಪ್ರತಿ ಹಾಕುತ್ತಾರಂತೆ, ಆಗ ಹಳಬರಿಗೂ ಅದೇ ಬರುತ್ತೆ, ಮತ್ತೆ ದುಡ್ಡು ಬೇಡ. ಮುಖಪುಟ ಬದಲಿಸೋಕೆ ಒಪ್ಪಿದ್ದಾರೆ. ಭಾಷಣ ಹನ್ನೊಂದರಿಂದ ಏಳು ಪುಟಕ್ಕೆ ಇಳಿದಿದೆ, ಅದಕ್ಕಿಂತ ಕೆಳಗೆ ಇಳಿಯೋಲ್ಲ ಅಂತ ಹಟ.

ಇನ್ನೊಂದು, ಮುಚ್ಚಿಡೋದು ಸರಿಯಲ್ಲ ಅಂತ ಹೇಳುತ್ತಿದ್ದೇನೆ. ಎರಡನೇ ಭಾಗ ರಾಣೇಬೆನ್ನೂರಿನ ಬೀಜದ ವ್ಯಾಪಾರದ ಮೇಲೆ, ಅದರ ಕರಡು ತಿದ್ದೋಕೆ ನನಗೇ ಕಳಿಸಿದ್ದಾರೆ. ಹಾಗಾಗಿ ಆ ಪುಸ್ತಕಕ್ಕೆ ನಾನು ವಿಮರ್ಶೆ ಬರೆಯುವಂತಿಲ್ಲ, ನೀವು ಯಾರಾದರೂ ಬರೆಯಿರಿ. ನಲವತ್ತು ಪುಟ ಮುಗಿಸಿದ್ದೇನೆ. ಈ ಸಲ ಇನ್‌ಸ್ಪೆಕ್ಟರ್ ಸರಿಯಾಗಿದ್ದಾನೆ, ಕಾನ್‌ಸ್ಟೇಬಲ್ ಹೋಗಿ "ಕಾನ್ಸ್ಟೇಬಲ್" ಆಗಿದ್ದಾನೆ.