ಹೊಗೆ ವಾಸನೆ ತೆಗೆಸಲು ಜರಿ ಸೀರೆ ಕೊಡುವ ಮುನ್ನ ದಯವಿಟ್ಟು ಇದನ್ನು ಓದಿ

‘ಹೊಗೆ ವಾಸನೆ ಪೂರ್ತಿ ಹೋಗುತ್ತದೆ, ಗ್ಯಾರಂಟಿ’ ಎಂಬ ಮಾತನ್ನು ನಂಬಿ ಹಳೆಯ ಜರಿ ಸೀರೆಗಳನ್ನು ಯಾವ ಡ್ರೈಕ್ಲೀನಿಂಗ್ ಅಂಗಡಿಗೂ ಒಪ್ಪಿಸಬೇಡಿ. ನಮ್ಮ ಮನೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಎಂಬ ಒಂದೇ ಕಾರಣಕ್ಕೆ, ಇನ್ನೂ ಸಿಟ್ಟು ಇಳಿಯದಿರುವಾಗಲೇ ಬರೆಯುತ್ತಿದ್ದೇನೆ.

ಸಾಗರದ ಕಡೆಯ ನಮ್ಮ ತವರುಮನೆಯಲ್ಲಿ ಅಮ್ಮನ ಸೀರೆಗಳು ಅಡುಗೆಮನೆಯ ಮೇಲಿನ ಅಟ್ಟದ ಟ್ರಂಕಿನಲ್ಲಿದ್ದವು. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಬೆಚ್ಚಗಿನ ಅಟ್ಟದಲ್ಲಿ ಬಟ್ಟೆ ಇಡುವುದು ಮಲೆನಾಡಿನ ಹಳೆಯ ಮನೆಗಳಲ್ಲಿ ರೂಢಿ. ಬೂಷ್ಟು ಹಿಡಿಯಲಿಲ್ಲ, ಹೊಗೆ ಹಿಡಿಯಿತು. ಅವುಗಳಲ್ಲಿ ಅಮ್ಮನ ಧಾರೆ ಸೀರೆಯೂ ಇತ್ತು. ಅದು ಮೈಸೂರಿನಿಂದಲೇ ತಂದ ಮೈಸೂರು ಸಿಲ್ಕ್. ಆ ಸೀರೆಗಳ ಜರಿಯಲ್ಲಿ 65% ಬೆಳ್ಳಿ ಮತ್ತು 0.65% ಚಿನ್ನ ಇರುತ್ತದೆ. ಅಕ್ಕನ ಮಗಳು ತನ್ನ ಮದುವೆಯ ನಾಂದಿಗೆ ಅಜ್ಜಿಯ ಸೀರೆಯನ್ನೇ ಉಡುತ್ತೇನೆ ಎಂದಿದ್ದಳು.

ಶಿವಮೊಗ್ಗದ ಒಂದು ಅಂಗಡಿಯ ಬೋರ್ಡಿನಲ್ಲಿ ಹೊಗೆ, ಬೂಷ್ಟು ವಾಸನೆಗೆ ಓಜೋನ್ ಯಂತ್ರವಿದೆ ಎಂದು ಬರೆದಿದ್ದರು. ಜರಿಗೆ ಏನೂ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಕೇಳಲಿಲ್ಲ ಎಂದು ನಾಳೆ ಯಾರೂ ಹೇಳಬಾರದೆಂದು ಈ ಮಾತನ್ನು ಒತ್ತಿ ಬರೆಯುತ್ತಿದ್ದೇನೆ: ಸೀರೆಯ ಸೆರಗನ್ನು ಬಿಡಿಸಿ ತೋರಿಸಿ, ಇದು ಬೆಳ್ಳಿಯ ಜರಿ ಎಂದು ಹೇಳಿಯೇ ಕೇಳಿದೆ. ‘ಮೇಡಂ, ದಿನಾ ಇಂಥವೇ ಬರುವುದು, ನೀವು ನಿಶ್ಚಿಂತೆಯಿಂದ ಹೋಗಿ’ ಎಂದರು. ಮಾಮೂಲಿ ಡ್ರೈವಾಶಿನ ದರಕ್ಕಿಂತ ಬಹಳ ಹೆಚ್ಚು ಹೇಳಿದರು, ಒಪ್ಪಿದೆ.

ಸೀರೆಗಳು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ, ಗರಿಗರಿ ಇಸ್ತ್ರಿಯಾಗಿ ಬಂದವು. ಕವರ್ ತೆರೆದಾಗ ಮಲ್ಲಿಗೆಯ ಗಾಢ ಪರಿಮಳ. ಹೊಗೆಯ ಸುಳಿವೇ ಇಲ್ಲವೆಂದು ನಾವೆಲ್ಲ ಸಂತೋಷಪಟ್ಟೆವು. ಆದರೆ ಅದು ಬರೀ ಸೆಂಟು. ಮದುವೆಗೆ ನೆಂಟರೆಲ್ಲ ಸೇರಿದ ದಿನ, ಹೊರಗೆ ಮಳೆ ಹಿಡಿದಿರುವಾಗ, ಹುಡುಗಿ ಸೀರೆ ಉಟ್ಟು ಬಂದು ಕುಳಿತ ಸ್ವಲ್ಪ ಹೊತ್ತಿಗೆ ಮೈಯ ಶಾಖಕ್ಕೆ, ಗಾಳಿಯ ತೇವಕ್ಕೆ ಅದೇ ಹೊಗೆ ವಾಸನೆ ಮಲ್ಲಿಗೆಯ ಸೆಂಟಿನೊಂದಿಗೆ ಬೆರೆತು ಮೊದಲಿಗಿಂತ ಅಸಹ್ಯವಾಗಿ ಹೊರಬಂತು. ಪಕ್ಕದಲ್ಲಿದ್ದ ಚಿಕ್ಕಮ್ಮ, ‘ಇದನ್ನು ಬಚ್ಚಲೊಲೆಯ ಮುಂದೆ ಒಣಗಿಸಿದ್ದಿರೇನೇ?’ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಹುಡುಗಿಯ ಮುಖ ನೋಡಲಾಗಲಿಲ್ಲ. ಆ ಬೆಳಕಿನಲ್ಲೇ ಸೆರಗಿನ ಜರಿಯ ಮೇಲೆ ಕಣ್ಣು ಬಿತ್ತು. ಮಡಿಕೆಯ ಹೊರಭಾಗಕ್ಕೆ ಬಂದಲ್ಲೆಲ್ಲ ಕಪ್ಪು ಪಟ್ಟಿ, ಒಳಭಾಗದಲ್ಲಿ ಹಳೆಯ ಹೊಳಪು ಹಾಗೆಯೇ ಇತ್ತು. ಸೀರೆಯನ್ನು ಬಿಡಿಸದೆ, ಮಡಿಸಿದಂತೆಯೇ ಯಂತ್ರದೊಳಗೆ ಇಟ್ಟಿದ್ದರು ಎಂಬುದು ಆಗ ತಿಳಿಯಿತು.

ಓಜೋನ್ ವಾಸನೆಯ ಅಣುಗಳನ್ನು ಒಡೆಯುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದೇ ಗುಣದಿಂದ ಅದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಬಣ್ಣವನ್ನೂ ಮಾಸಿಸುತ್ತದೆ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಉರಿದಾಗ ಹುಟ್ಟುವ, ಹೊಗೆಯ ವಾಸನೆ ಕೊಡುವ ಗ್ವಾಯಕಾಲ್‌ನಂತಹ ವಸ್ತುಗಳು ಹೊಗೆಯ ಜಿಡ್ಡಿನ ಜೊತೆ ರೇಷ್ಮೆಯ ಎಳೆಗೆ ಅಂಟಿಕೊಂಡಿರುತ್ತವೆ. ಆ ಜಿಡ್ಡನ್ನು ಮೊದಲು ತೆಗೆಯದೆ ಬಿಸಿ ಇಸ್ತ್ರಿ ಹಾಕಿದರೆ ಅದು ಎಳೆಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಇದನ್ನೇ ಕಸುಬಾಗಿ ಮಾಡುವವರಿಗೆ ಇಷ್ಟು ತಿಳಿದಿರಬೇಡವೇ?

ಅಂಗಡಿಯವರ ಉತ್ತರಗಳನ್ನು ಕೇಳಿ. ಮೊದಲು, ‘ನಿಮ್ಮ ಬೀರುವಿನಲ್ಲೇ ಹೊಗೆ ವಾಸನೆ ಇರಬೇಕು, ಮತ್ತೆ ಹಿಡಿದುಕೊಂಡಿದೆ’ ಎಂದರು. ಸೀರೆಗಳು ಮದುವೆಯ ದಿನದವರೆಗೆ ಅವರದೇ ಕವರಿನಲ್ಲಿದ್ದವು ಎಂದೆ. ಆಮೇಲೆ, ‘ಹಳೆಯ ಜರಿ ಮೇಡಂ, ಗಾಳಿ ತಾಗಿದರೆ ಕಪ್ಪಾಗುತ್ತದೆ’ ಎಂದರು. ಇಷ್ಟು ವರ್ಷ ಅಟ್ಟದಲ್ಲಿ ಕಪ್ಪಾಗದ ಜರಿ ಅವರ ಕೈಗೆ ಹೋಗಿ ಬಂದ ಮೇಲೆಯೇ ಕಪ್ಪಾಯಿತೇ ಎಂದು ಕೇಳಿದ್ದಕ್ಕೆ ಮೌನ. ಕೊನೆಗೆ, ‘ಗ್ಯಾರಂಟಿ ಕೊಟ್ಟದ್ದು ವಾಸನೆಗೆ, ಜರಿಗಲ್ಲ. ರಸೀದಿಯ ಹಿಂದೆ ಓದಿ’ ಎಂದು ಫೋನ್ ಇಟ್ಟರು. ವಾಸನೆಯೂ ಹೋಗಿಲ್ಲವಲ್ಲ! ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ, ಹಾನಿಗೆ ಗ್ರಾಹಕರೇ ಹೊಣೆ ಎಂದು ಅಚ್ಚಾಗಿದೆ. ‘ನಿಶ್ಚಿಂತೆಯಿಂದ ಹೋಗಿ’ ಎಂದ ಮಾತು ಎಲ್ಲಿಯೂ ಅಚ್ಚಾಗಿಲ್ಲ.

ಆದ್ದರಿಂದ ಬಟ್ಟೆ ಕೊಡುವ ಮೊದಲೇ ಯಾವ ವಿಧಾನದಲ್ಲಿ ಶುಚಿ ಮಾಡುತ್ತೀರಿ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ, ಜರಿಯ ಫೋಟೊ ಅವರೆದುರೇ ತೆಗೆಯಿರಿ. ಓಜೋನ್ ಬೇಡ, ಸೆಂಟು ಬೇಡ, ವಾಸನೆ ಹೋಗುವ ಮೊದಲು ಇಸ್ತ್ರಿ ಬೇಡ ಎಂದು ಬಾಯಿಬಿಟ್ಟು ಹೇಳಿ. ಇದಕ್ಕೆ ಒಪ್ಪದ ಅಂಗಡಿಯಿಂದ ಸೀರೆಯನ್ನು ವಾಪಸು ತನ್ನಿ. ಉಳಿದ ಸೀರೆಗಳನ್ನು ನಾನು ಯಾರಿಗೂ ಕೊಟ್ಟಿಲ್ಲ. ಮಳೆ ಬಿಟ್ಟ ದಿನಗಳಲ್ಲಿ ಪೂರ್ತಿ ಬಿಡಿಸಿ, ಬಿಸಿಲು ಬೀಳದ ಜಗುಲಿಯಲ್ಲಿ ಗಾಳಿಗೆ ಹರವುತ್ತೇನೆ. ಆಮೇಲೆ ಹಳೆಯ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿ, ಬಟ್ಟೆಗೆ ತಾಗದಂತೆ ಬಟ್ಟಲಲ್ಲಿ ಅಡುಗೆ ಸೋಡಾ ಇಟ್ಟ ಪೆಟ್ಟಿಗೆಯಲ್ಲಿಡುತ್ತೇನೆ. ನಿಧಾನ, ಆದರೆ ವಾಸನೆ ಇಳಿಯುತ್ತಿದೆ, ಜರಿಗೆ ಏನೂ ಆಗಿಲ್ಲ. ನುಸಿಗುಳಿಗೆಯನ್ನು ಮಾತ್ರ ಜರಿಯ ಹತ್ತಿರ ಇಡಬೇಡಿ.

ನನ್ನಂತೆ ಮೋಸ ಹೋದವರು ರಸೀದಿಯ ಹಿಂಬದಿಗೆ ಹೆದರಬೇಕಾಗಿಲ್ಲ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಸಹಾಯವಾಣಿಯಲ್ಲಿ ದೂರು ದಾಖಲಿಸಿದ ಮೇಲೆ ಅಂಗಡಿಯವರು ತಾವಾಗಿಯೇ ಫೋನ್ ಮಾಡಿ, ತೊಳೆದ ಶುಲ್ಕದಲ್ಲಿ ಅರ್ಧ ಹಿಂದಿರುಗಿಸುತ್ತೇವೆ, ದೂರು ಹಿಂದೆಗೆದುಕೊಳ್ಳಿ ಎಂದರು. ಹಿಂದೆಗೆದುಕೊಂಡಿಲ್ಲ. ಆಯೋಗಕ್ಕೆ ಕೊಡಬೇಕಾದ ಕಾಗದಗಳನ್ನು ಫೋಟೊಗಳ ಸಮೇತ ಜೋಡಿಸಿಟ್ಟಿದ್ದೇನೆ.